೨೭೧೪ರ ದವಡೆ

ಜೂನ್ ೪

ಪ್ರೀತಿಯ ಚಿಕ್ಕಪ್ಪ,

ಇಲ್ಲಿ ಎಲ್ಲರ ಹಲ್ಲೂ ಗಟ್ಟಿಯಾಗಿವೆ. ನಿನ್ನವು ಇನ್ನೆಷ್ಟು ಉಳಿದಿವೆ ಎಂದು ಚಿಕ್ಕಮ್ಮನ ಕೈಯಲ್ಲಿ ಎಣಿಸಿಕೊಂಡು ಬರೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿ ಕೈಕೊಟ್ಟು ಎರಡು ವರ್ಷವಾಯಿತು. ಚಿಕ್ಕಮ್ಮನಿಗೆ ಹೇಳಿದರೆ ನಿನ್ನನ್ನು ತಲುಪುವಷ್ಟರಲ್ಲಿ ಇಲಿ ಹೋಗಿ ಹುಲಿಯಾಗಿರುತ್ತದೆ. ಆದ್ದರಿಂದ ಈ ಕಾಗದ.

ನಿಮ್ಮ ಸಂಗ್ರಹಾಲಯದಿಂದ ತರಿಸಿಕೊಂಡ ನಲವತ್ತು ಬುರುಡೆಗಳು ಮೊನ್ನೆ ಬಂದವು. ಸಂಗ್ರಹಾಲಯ ಚಿಕ್ಕ ಕಟ್ಟಡಕ್ಕೆ ಹೋಗುತ್ತಿರುವುದು, ಆಗಸ್ಟ್ ಒಂದರಂದು ಸಮಿತಿ ಕೂತು ಯಾವ ಬೀರು ಉಳಿಯಬೇಕು, ಯಾವುದು ಹೊರಗೆ ಹೋಗಬೇಕು ಎಂದು ತೀರ್ಮಾನಿಸುವುದು ನಿನಗೆ ಗೊತ್ತೇ ಇದೆ. ಇಲಿ, ಅಳಿಲು, ಮುಳ್ಳುಹಂದಿಗಳ ಬೀರುಗಳ ಬಗ್ಗೆ ಅಭಿಪ್ರಾಯ ಬರೆದುಕೊಡಲು ನನ್ನನ್ನು ಕೇಳಿದ್ದಾರೆ. ಅವನ್ನೆಲ್ಲ ತೊಳೆದು ಕಟ್ಟಿದವರು ನನ್ನ ಚಿಕ್ಕಪ್ಪ, ಕೆಲಸ ಕಲಿಸಿದವರೂ ಅವರೇ ಎಂದು ಮೊದಲೇ ಹೇಳಿದೆ. "ಅದಕ್ಕೇ ನಿಮ್ಮನ್ನ ಕೇಳ್ತಿರೋದು" ಅಂದರು ಮೇಲ್ವಿಚಾರಕರು. ಮೂವತ್ತನಾಲ್ಕು ವರ್ಷ, ಹನ್ನೊಂದು ಬೀರು. ಒಂದೂ ಹೊರಗೆ ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಅದಕ್ಕೆ ದಾರಿಯೂ ಸಿಕ್ಕಿದೆ. ಹಿಸ್ಟ್ರಿಕೋಗ್ನಾತಿ ಎಂಬ ಹೆಸರು ನೆನಪಿದೆಯೇ? ಎಲುಬುಕೋಣೆಯಲ್ಲಿ ನಿನ್ನ ಕೈಕೆಳಗೆ ಕಲಿಯುತ್ತಿದ್ದಾಗ ಬಾಯಿಪಾಠ ಮಾಡಿ ಮಾಡಿ ನಿನ್ನ ತಲೆ ತಿಂದಿದ್ದೆನಲ್ಲ. ಮುಳ್ಳುಹಂದಿಯ ಬಳಗಕ್ಕೆ ವಿಜ್ಞಾನಿಗಳು ಇಟ್ಟ ಹೆಸರು. ಮೈಮೇಲೆ ಮುಳ್ಳಿರಲಿ, ಬಿಡಲಿ, ಕೆಳದವಡೆಯ ಹಿಂಮೂಲೆ ಬಾಚಿಹಲ್ಲಿನ ಸಾಲು ಬಿಟ್ಟು ಹೊರಕ್ಕೆ ಚಾಚಿದ್ದರೆ ಅದು ಆ ಬಳಗದ್ದು. ಅಳಿಲು, ಮನೆ ಇಲಿಗಳಲ್ಲಿ ಆ ಮೂಲೆ ಹಲ್ಲಿನ ಸಾಲಿನಲ್ಲೇ ನೆಟ್ಟಗೆ ಇರುತ್ತದೆ. ಬುರುಡೆಯಲ್ಲೂ ಒಂದು ಗುರುತು ಇದೆ, ಕಣ್ಣಿನ ಮುಂದೆ ದೊಡ್ಡ ತೂತು. ಅಗಿಯುವ ಸ್ನಾಯು ಅದರೊಳಗೆ ತೂರಿ ಮೂತಿಯವರೆಗೆ ಹೋಗುತ್ತದೆ.

ಈಗ ಕೇಳು. ನಂಬರ್ ೨೭೧೪, ಬಂಡೆ ಇಲಿ ಎಂದು ಚೀಟಿ. ಬಂಡೆ ಇಲಿ ಹೆಸರಿಗೆ ಇಲಿ, ಬಳಗ ಮುಳ್ಳುಹಂದಿಯದೇ. ಆದರೆ ಇದು ಬಂದಿರುವ ಗುಡ್ಡದಿಂದ ಬೇರೆ ಯಾರೂ ಒಂದೂ ಪ್ರಾಣಿ ತಂದಿಲ್ಲ. ಬುರುಡೆ ಉಳಿದವಕ್ಕಿಂತ ಗಿಡ್ಡ. ಕಣ್ಣಿನ ಮುಂದೆ ತೂತು ಇದೆ. ದವಡೆ ಮಾತ್ರ ನೆಟ್ಟಗಿದೆ! ಹೀಗೆ ಎರಡು ಗುರುತೂ ಬೆರೆತ ಬಳಗಗಳು ಲೋಕದಲ್ಲಿ ಬೆರಳೆಣಿಕೆಯಷ್ಟು, ಇದು ಯಾರೂ ಕಾಣದ ಹೊಸ ಪ್ರಾಣಿಯೇ ಇರಬೇಕು. ಬೇರೆ ಯಾರ ಕೋಣೆಯದ್ದಾಗಿದ್ದರೂ ಯಾವನೋ ದವಡೆ ಅದಲುಬದಲು ಮಾಡಿದ್ದಾನೆ ಎಂದು ಪಕ್ಕಕ್ಕೆ ಇಡುತ್ತಿದ್ದೆ. ಆದರೆ ಬುರುಡೆಯ ಮೇಲೂ ದವಡೆಯ ಎರಡು ಹೋಳುಗಳ ಮೇಲೂ ಇರುವುದು ನಿನ್ನ ಅಕ್ಷರ, ಏಳಕ್ಕೆ ಅಡ್ಡಗೆರೆ ಎಳೆಯುವ ನಿನ್ನ ಅಭ್ಯಾಸ ಸಮೇತ. ಬುರುಡೆಗೆ ದವಡೆ ಸೇರಿಸಿ ಕಟ್ಟಿದ್ದ ದಾರ ಕತ್ತರಿಸಿ, ಬಿಡಿಸಿಯೂ ನೋಡಿದೆ.

ಜುಲೈ ಹತ್ತಕ್ಕೆ ಸಂಸ್ಥೆಯಲ್ಲಿ ಎಲ್ಲರ ಮುಂದೆ ಇದರ ಬಗ್ಗೆ ಮಾತಾಡುತ್ತೇನೆ. ಇಂಥದೊಂದು ಪ್ರಾಣಿ ಇರುವ ಕೋಣೆಯನ್ನು ಯಾವ ಸಮಿತಿ ಮುಟ್ಟುತ್ತದೆ ನೋಡೋಣ. ಇದನ್ನು ತಂದವರು ಯಾರು, ಜೊತೆಗೆ ಇನ್ನೇನು ಬಂದಿತ್ತು, ಕೋಣೆಯ ಪುಸ್ತಕ ನೋಡಿ ಬೇಗ ಬರೆ.

ನಿನ್ನ,
ಎಡಚಿ


ಜೂನ್ ೧೧

ಪ್ರೀತಿಯ ಎಡಚಿಗೆ,

ಕಾಗದ ಬಂತು. ಹಲ್ಲು ಹದಿನೇಳು ಉಳಿದಿವೆ, ಹದಿನೆಂಟನೆಯದರ ಬಗ್ಗೆ ನಿನ್ನ ಚಿಕ್ಕಮ್ಮನಿಗೂ ನನಗೂ ಭಿನ್ನಾಭಿಪ್ರಾಯವಿದೆ.

ನಿನ್ನ ಹಿಸ್ಟ್ರಿಕೋಗ್ನಾತಿಯನ್ನು ಹೇಗೆ ಮರೆಯಲಿ. ನಮ್ಮ ಜನ ಮುಳ್ಳು ನೋಡಿ, ಗುರುಗುಟ್ಟುವುದು ಕೇಳಿ, ಹಂದಿ ಎಂದು ಹೆಸರಿಟ್ಟರು. ನಿಮ್ಮವರು ಬಾಯಿ ತೆರೆಸಿ ಇಲಿ ಎಂದರು. ನಿನ್ನ ಹೆಸರೇನು ಎಂದು ಅದನ್ನು ಯಾರೂ ಕೇಳಲಿಲ್ಲ. ನನಗೆ ಎಲ್ಲವೂ ಒಂದೇ, ತೊಳೆಯಬೇಕು, ಒಣಗಿಸಬೇಕು, ಕಟ್ಟಬೇಕು.

ಕೋಣೆಗೆ ಈಗಲೂ ವಾರಕ್ಕೆ ಎರಡು ದಿನ ಹೋಗುತ್ತೇನೆ. ನಿವೃತ್ತನಾದವನಿಗೆ ಕುರ್ಚಿ ಇಲ್ಲ, ಡಬ್ಬದ ಮೇಲೆ ಕೂರುತ್ತೇನೆ. ಕಿಟಕಿಯ ಕೆಳಗಿನ ಕಲ್ಲುತೊಟ್ಟಿ ಒಡೆದು ಹೋಗಿದೆ, ಜರಡಿಗಳನ್ನು ಗೋಡೆಗೆ ನೇತುಹಾಕಿದ್ದಾರೆ. ಬೀರುಗಳನ್ನು ಅಳೆಯಲು ಇಬ್ಬರು ಬಂದಿದ್ದರು. ಒಳಗೇನಿದೆ ಎಂದು ಕೇಳಲಿಲ್ಲ, ಎತ್ತರ ಎಷ್ಟು, ಅಗಲ ಎಷ್ಟು ಎಂದು ಬರೆದುಕೊಂಡು ಹೋದರು.

೨೭೧೪ರ ವಿಷಯ ಪುಸ್ತಕ ನೋಡಿ ಬರೆಯುತ್ತೇನೆ. ಹದಿನೆಂಟು ವರ್ಷದ ಹಿಂದಿನದು, ಹುಡುಕಬೇಕು. ಅಲ್ಲಿಯವರೆಗೆ ಆತುರ ಬೇಡ. ಹತ್ತನೇ ತಾರೀಕಿನ ಮಾತನ್ನು ಮುಂದೂಡಲು ಆಗುತ್ತದೆಯೇ ನೋಡು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡಿಸಿ ನೋಡಿದೆಯಾ? ನೀನು ದೊಡ್ಡ ಹುದ್ದೆಯಲ್ಲಿ ಇರುವವಳು, ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೂ ಕೇಳಿದೆ.

ಕತ್ತರಿಸಿದ ದಾರವನ್ನು ಇಟ್ಟುಕೊಂಡಿದ್ದರೆ ಬಿಸಾಕು. ಹಳೇ ದಾರ, ಹುಳ ಹಿಡಿಯುತ್ತದೆ.

ನಿನ್ನ,
ಚಿಕ್ಕಪ್ಪ


ಜೂನ್ ೧೮

ಪ್ರೀತಿಯ ಚಿಕ್ಕಪ್ಪ,

ಆತುರ ಬೇಡವಂತೆ! ಸಂಸ್ಥೆಯ ನಿರ್ದೇಶಕರು ಆಗಲೇ ಹೊರಗಿನಿಂದ ಮೂವರನ್ನು ಕರೆಸಿದ್ದಾರೆ. ಮುಂದೂಡಿದರೆ ನನ್ನ ಮುಖ ಎಲ್ಲಿಡಲಿ? ನೀನು ಮೊದಲಿನಿಂದಲೂ ಹೀಗೇ. ನಾನು ಹತ್ತು ಹೆಜ್ಜೆ ಇಟ್ಟರೆ ಹಿಂದಿನಿಂದ ಅಂಗಿ ಹಿಡಿದು ಎಳೆಯುತ್ತೀಯ.

ಹಲ್ಲು ಕೂಡಿಸಿ ನೋಡಿದೆ. ಪೂರ್ತಿ ಕೂಡುವುದಿಲ್ಲ. ಎಡಗಡೆ ಕೂಡಿದರೆ ಬಲಗಡೆ ಒಂದು ಕೂದಲೆಳೆಯಷ್ಟು ಜಾಗ ಉಳಿಯುತ್ತದೆ. ಮೇಲಿನ ಹಲ್ಲು ಸವೆದಿರುವ ರೀತಿ ಬೇರೆ, ಕೆಳಗಿನದು ಬೇರೆ. ವಯಸ್ಸಾದ ಪ್ರಾಣಿ ಒಂದೇ ಪಕ್ಕದಲ್ಲಿ ಅಗಿದರೆ ಹೀಗಾಗಬಹುದು ಎಂದು ಮೂರು ದಿನ ನನಗೆ ನಾನೇ ಹೇಳಿಕೊಂಡೆ. ನಿನ್ನೆಯಿಂದ ಹಾಗೆ ಹೇಳಿಕೊಳ್ಳಲು ಆಗುತ್ತಿಲ್ಲ.

ನಿಮ್ಮ ದಾಖಲೆಯ ನಕಲು ತರಿಸಿ ನೋಡಿದೆ. ೨೭೧೫ ನೆಲ ಅಳಿಲು, ಅದೇ ಗುಡ್ಡ, ಅದೇ ದಿನ. ಎದುರಿಗೆ "ಕೆಟ್ಟಿದೆ, ತೆಗೆಯಲಾಗಿದೆ" ಎಂದು ನಿನ್ನ ಅಕ್ಷರ. ನಿನ್ನ ಕೈಯಲ್ಲಿ ಯಾವ ಎಲುಬು ಯಾವಾಗ ಕೆಟ್ಟಿದೆ ಚಿಕ್ಕಪ್ಪ? ಮೂವತ್ತನಾಲ್ಕು ವರ್ಷದಲ್ಲಿ ಆ ಮಾತು ಇದೊಂದೇ ಕಡೆ ಇದೆ. ಏನಾಯಿತು, ಹೇಳು.

ನಿನ್ನ,
ಎಡಚಿ


ಜೂನ್ ೨೯

ಚಿಕ್ಕಪ್ಪ, ಹನ್ನೊಂದು ದಿನವಾಯಿತು. ಚಿಕ್ಕಮ್ಮನಿಗೆ ಫೋನು ಮಾಡಿದರೆ "ಬರೀತಾ ಇದಾರೆ, ಹರೀತಾ ಇದಾರೆ" ಎನ್ನುತ್ತಾಳೆ. ಹರಿಯಬೇಡ. ಬರೆದದ್ದನ್ನು ಕಳಿಸು.

— ಎಡಚಿ


ಜುಲೈ ೧

ಎಡಚಿ,

೨೭೧೪ರ ದವಡೆ ಅದರದ್ದಲ್ಲ. ನೆಲ ಅಳಿಲಿನದು. ತಪ್ಪು ನನ್ನದು.

ಆ ವಾರ ಕೋಣೆಯ ಎರಡು ಸ್ಟವ್‌ಗಳಲ್ಲಿ ಒಂದು ಕೆಟ್ಟಿತ್ತು. ಮಾಂಸ ಬಿಡಿಸಲು ಎರಡು ಪ್ರಾಣಿಗಳ ತಲೆಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು, ಆಮೇಲೆ ಅಳತೆ ನೋಡಿ ಜೋಡಿಸಿದ್ದು. ಎರಡೂ ಒಂದೇ ಗಾತ್ರದವು. ನಂಬರು ಬರೆದವನು ನಾನು, ಬರೆಯುವ ಮೊದಲು ಹಲ್ಲು ಕೂಡಿಸಿ ನೋಡಬೇಕಾಗಿದ್ದವನೂ ನಾನು. ಕೆಲವು ವಾರದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ೨೭೧೪ ಮೇಲ್ವಿಚಾರಕರ ಬೀಗದ ಬೀರು ಸೇರಿತ್ತು. ತಪ್ಪಿನ ಪುಸ್ತಕದಲ್ಲಿ ಬರೆಯದೆ ಆ ಬೀರು ತೆಗೆಸುವ ಹಾಗಿರಲಿಲ್ಲ. ನಾನು ಬರೆಯಲಿಲ್ಲ. ನಿನಗೆ ಕಳಿಸುವ ನಲವತ್ತರಲ್ಲಿ ಅದೂ ಒಂದು ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಏನು ಮಾಡುತ್ತಿದ್ದೆನೋ.

ಹತ್ತನೇ ತಾರೀಕು ಮಾತಾಡಬೇಡ. ನಿನ್ನ ಹೆಸರು ಹಾಳಾಗುವುದು ಬೇಡ. ಮೇಲ್ವಿಚಾರಕರಿಗೆ ಏನು ಬರೆಯಬೇಕೋ ಬರೆ, ಎಲ್ಲವನ್ನೂ ನನ್ನ ತಲೆಗೆ ಕಟ್ಟು.

ಚಿಕ್ಕಪ್ಪ


ಜುಲೈ ೬

ಚಿಕ್ಕಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ಮಾತನ್ನು ರದ್ದು ಮಾಡಿಸಿದ್ದೇನೆ. ನಿರ್ದೇಶಕರ ಕೋಣೆಯಲ್ಲಿ ನಿಂತು, ಬಾಲಪಾಠದಲ್ಲಿ ಎಡವಿದ್ದೇನೆ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ಒಂದು ಪಾತ್ರೆಗೆ ಒಂದೇ ಜೀವ. ನನ್ನ ಮೊದಲ ದಿನ ನೀವು ಹೇಳಿದ್ದು. ಪಾತ್ರೆ ಖಾಲಿ ಇಲ್ಲದಿದ್ದರೆ ಕಾಯಬೇಕು, ಕಾಯಲು ಆಗದವರು ಬೇರೆ ಕೆಲಸ ನೋಡಿಕೊಳ್ಳಬೇಕು ಎಂದಿದ್ದಿರಿ. ನಾನು ಅದನ್ನು ಎಷ್ಟೋ ವರ್ಷದಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದಿದ್ದೇನೆ, ನಿಮ್ಮ ಹೆಸರು ಹೇಳಿಯೇ ಹೇಳುತ್ತಿದ್ದೆ. ನೀವು ತಪ್ಪು ಮಾಡಿದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ಕೈ ತಪ್ಪುತ್ತದೆ. ಗೊತ್ತಾದ ಮೇಲೆ ೨೭೧೫ರ ಎದುರು "ಕೆಟ್ಟಿದೆ" ಎಂದು ಸುಳ್ಳು ಬರೆದಿರಲ್ಲ, ಅದು ನನ್ನ ಹೊಟ್ಟೆ ಉರಿಸಿದೆ. ನಾನು ಕುಣಿದು ಕುಪ್ಪಳಿಸಿ ಕಾಗದ ಬರೆದಾಗಲೂ ನೀವು ಹಲ್ಲಿನ ಲೆಕ್ಕ ಹೇಳಿ ನಗಿಸಿದಿರಿ.

ಸಮಿತಿಗೆ ಸತ್ಯ ಬರೆಯಲೇಬೇಕಾಗಿತ್ತು. ಒಂದನ್ನು ಮುಚ್ಚಿಟ್ಟವರು ಇನ್ನೆಷ್ಟು ಮುಚ್ಚಿಟ್ಟಿದ್ದಾರೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನಿಮ್ಮ ಕಾಲದ ಹನ್ನೊಂದು ಬೀರುಗಳಿಗೂ, ಪರೀಕ್ಷೆಯಾಗುವವರೆಗೆ ನಂಬುವ ಹಾಗಿಲ್ಲ ಎಂಬ ಕೆಂಪು ಚೀಟಿ ಅಂಟಿಸಬೇಕು ಎಂದು ಬರೆದಿದ್ದೇನೆ. ಕೆಂಪು ಚೀಟಿಯ ಬೀರಿಗೆ ಹೊಸ ಕಟ್ಟಡದಲ್ಲಿ ಜಾಗ ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಕಾಗದ ನಿನ್ನೆಯೇ ಹೋಯಿತು. ಕೋಪ ಇಳಿದ ಮೇಲೆ ಕಳಿಸೋಣ ಎಂದು ಒಂದು ದಿನ ಇಟ್ಟುಕೊಂಡಿದ್ದೆ. ಇಳಿಯಲಿಲ್ಲ.

ಇತಿ,
ನಿಮ್ಮ ಅಣ್ಣನ ಮಗಳು


ಜುಲೈ ೧೪

ಎಡಚಿ,

ಚೀಟಿ ಅಂಟಿಸಿ ಆಯಿತು. ಯಾವ ಬೀರಿನ ಬಾಗಿಲು ಯಾವ ಕಡೆ ಸಿಕ್ಕಿಕೊಳ್ಳುತ್ತದೆ, ಯಾವ ಖಾನೆ ಹೊರಗೆ ಎಳೆದರೆ ಬೀಳುತ್ತದೆ ಎಂದು ಹೊಸಬರಿಗೆ ಗೊತ್ತಿರಲಿಲ್ಲ. ನನ್ನನ್ನೇ ಕರೆದರು. ಹೋದೆ. ಬೀರಿಗೊಂದು ದೊಡ್ಡದು, ಖಾನೆಗೊಂದು ಚಿಕ್ಕದು, ಇನ್ನೂರ ಆರು ಚೀಟಿ. ಮೂರು ದಿನ ಹಿಡಿಯಿತು. ಅಂಟು ಗಟ್ಟಿಯಾಗಿ ಕಲಸಿದ್ದೆ, ಒಂದೂ ಏಳುವುದಿಲ್ಲ.

ಹೊಸ ಮೇಲ್ವಿಚಾರಕರು ಒಳ್ಳೆಯವರು. ಕೊನೆಯ ದಿನ ನನ್ನ ಕಿವಿಯ ಹತ್ತಿರ ಬಂದು ಜೋರಾಗಿ "ಬೇಜಾರು ಮಾಡ್ಕೋಬೇಡಿ, ಇದೆಲ್ಲ ಕಾಗದದ ಕೆಲಸ" ಅಂದರು. ನಾನು ಕೇಳಿಸದವನ ಹಾಗೆ ನಿಂತಿದ್ದೆ. ಕಿವುಡನಾಗಿ ಇದೊಂದು ಅನುಕೂಲ ಆಗಿದೆ.

ನೀನು ಮಾಡಿದ್ದು ಸರಿ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ. ಚಿಕ್ಕಮ್ಮ ನಿನ್ನ ಮೇಲೆ ಉರಿದುಬಿದ್ದಿದ್ದಾಳೆ, ಅವಳಿಗೆ ಪೂರ್ತಿ ವಿಷಯ ಗೊತ್ತಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ. "ನೀವು" ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ನನ್ನನ್ನು ಹಾಗೆ ಕರೆದವಳಲ್ಲ. ಅದನ್ನು ಮಾತ್ರ ಎರಡು ಸಲ ಓದಿದೆ.

ಬುರುಡೆಗಳನ್ನು ಇಪ್ಪತ್ತೈದರೊಳಗೆ ವಾಪಸು ಕಳಿಸಬೇಕಂತೆ. ದಾರ ಕಳಿಸುವುದು ಬೇಡ.

ಚಿಕ್ಕಪ್ಪ


ಜುಲೈ ೨೦

ಚಿಕ್ಕಪ್ಪ,

ನೀನು ಹಾಳಾಗಿಹೋಗು. ಇದಕ್ಕಿಂತ ಒಳ್ಳೆಯ ಮಾತು ಇವತ್ತು ನನ್ನ ಬಾಯಲ್ಲಿ ಬರುತ್ತಿಲ್ಲ.

ನಿನ್ನೆ ಬುರುಡೆಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದೆ. ೨೭೧೪ರ ಜೊತೆ ಒಂದು ಚಿಕ್ಕ ಲಕೋಟೆ, ಅದರಲ್ಲಿ ನಾನು ಕತ್ತರಿಸಿದ ದಾರ. ಪ್ರಾಣಿಯ ಜೊತೆ ಬಂದದ್ದು ಏನೇ ಇರಲಿ, ಚೀಟಿಯ ಚೂರೇ ಇರಲಿ, ಬಿಸಾಕಬಾರದು ಎಂದು ನನ್ನ ಕಿವಿ ಹಿಂಡಿ ಕಲಿಸಿದವನು ನೀನು. ಒಂದು ಸಲ ಪೊರಕೆಯ ಕಸವನ್ನೆಲ್ಲ ನನ್ನ ಕೈಯಲ್ಲಿ ಜರಡಿ ಹಿಡಿಸಿದ್ದೆ, ಒಂದು ಹಲ್ಲಿಗಾಗಿ. ಅಂಥವನು ಎರಡು ಕಾಗದದಲ್ಲಿ ಎರಡು ಸಲ ದಾರ ಬೇಡ, ದಾರ ಬಿಸಾಕು ಎನ್ನುತ್ತಾನೆ. ಯಾಕೆ?

ದಾರವನ್ನು ದೀಪದ ಕೆಳಗೆ ಇಟ್ಟೆ. ಗಂಟು ಬಿಟ್ಟು ದೂರ ಕತ್ತರಿಸಬೇಕು ಎಂಬ ನಿನ್ನ ಪಾಠ ಕೈಗೆ ಹತ್ತಿಹೋಗಿದೆ, ಹಾಗಾಗಿ ಗಂಟು ಇದ್ದ ಹಾಗೇ ಇತ್ತು. ಉಳಿದ ಮೂವತ್ತೊಂಬತ್ತು ಬುರುಡೆಗಳ ಗಂಟು ನೋಡಿದೆ. ಮೂವತ್ತಾರರ ತುದಿ ಬಲಕ್ಕೆ ಬಿದ್ದಿತ್ತು. ಮೂರರದು ಎಡಕ್ಕೆ. ೨೭೧೪ರದೂ ಎಡಕ್ಕೆ. ಒಂದು ಪೆನ್ಸಿಲಿಗೆ ನಾನೇ ದಾರ ಸುತ್ತಿ, ಯೋಚನೆ ಮಾಡದೆ, ಕೈಗೆ ಬಂದ ಹಾಗೆ ಗಂಟು ಹಾಕಿದೆ. ಎಡಕ್ಕೆ ಬಿತ್ತು. ಇನ್ನೊಂದು ಸಲ ಹಾಕಿದೆ, ಮತ್ತೆ ಎಡಕ್ಕೇ.

ಆ ಕೋಣೆಯಲ್ಲಿ ಎಡಗೈಯವಳು ನಾನೊಬ್ಬಳೇ.

ಆಮೇಲೆ ಒಂದೊಂದೇ ನೆನಪಾಯಿತು. ಚಿಕ್ಕಮ್ಮನಿಗೆ ಆಪರೇಷನ್ ಆದ ವಾರ ಅದು. ನೀನು ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲಿದ್ದೆ. ಕೋಣೆಯಲ್ಲಿ ನಾನೊಬ್ಬಳೇ. ಒಂದು ಸ್ಟವ್ ಕೆಟ್ಟಿತ್ತು ನಿಜ. ಮರುದಿನ ಪ್ರಮಾಣಪತ್ರದ ಸಂದರ್ಶನ, ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಎರಡನ್ನೂ ಒಂದೇ ಪಾತ್ರೆಗೆ ಹಾಕಿದವಳು ನಾನು. ಗೊತ್ತಾದರೆ ಬೈಯುತ್ತೀಯ ಎಂದು, ಎರಡು ಪಾತ್ರೆ ಬಳಸಿದ ಹಾಗೆ ಕಾಣಲಿ ಎಂದು, ಇನ್ನೊಂದು ಪಾತ್ರೆಯನ್ನೂ ಒದ್ದೆ ಮಾಡಿ ಕವುಚಿಟ್ಟು ಹೋಗಿದ್ದೆ. ಇದು ನಿನ್ನೆ ರಾತ್ರಿಯವರೆಗೆ ನನಗೆ ಮರೆತೇಹೋಗಿತ್ತು. ಹೇಗೆ ಮರೆತೆ ಎಂದು ನನ್ನನ್ನು ಕೇಳಬೇಡ, ನಾನೂ ಬೆಳಗಿನಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ನೀನು ವಾಪಸು ಬಂದು, ನನ್ನ ಗಂಟು ನಂಬಿ, ನಂಬರು ಬರೆದೆ. ನಿನ್ನ ತಪ್ಪು ಅಷ್ಟೇ. ಅದಕ್ಕೆ ನಿನ್ನ ಕೈಯಲ್ಲೇ ಇನ್ನೂರ ಆರು ಚೀಟಿ ಅಂಟಿಸಿದೆ ನಾನು.

ಯಾಕೆ ಹೇಳಲಿಲ್ಲ? ಈ ಕಾಗದದ ಜೊತೆಗೇ ಸಮಿತಿಗೂ ಬರೆಯುತ್ತೇನೆ. ಒಂದನೇ ತಾರೀಕಿಗೆ ಇನ್ನು ಹನ್ನೆರಡೇ ದಿನ. ಟಪಾಲು ಯಾವಾಗ ತಲುಪುತ್ತದೋ.

ನಿನ್ನ,
ಎಡಚಿ


ಜುಲೈ ೨೫

ಪ್ರೀತಿಯ ಎಡಚಿಗೆ,

ಸಮಿತಿಗೆ ಬರೆದಿದ್ದರೆ ವಾಪಸು ತೆಗೆದುಕೋ. ಬರೆದಿಲ್ಲವಾದರೆ ಬರೆಯಬೇಡ. ಈ ಕಾಗದವನ್ನು ಚಿಕ್ಕಮ್ಮ ತುರ್ತು ಟಪಾಲಿಗೆ ಹಾಕಲು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾಳೆ, ಆದ್ದರಿಂದ ಚುಟುಕಾಗಿ.

ನನ್ನದು ಮುಗಿದ ಕೆಲಸ. ನಿನ್ನದು ನಡೆಯುತ್ತಿರುವ ಕೆಲಸ. ಹದಿನೆಂಟು ವರ್ಷ ನೀನು ಹೆಸರು ಹೇಳಿದ ಪ್ರಾಣಿಗಳು ಎಷ್ಟು? ಒಂದೇ ಪಾತ್ರೆಗೆ ಎರಡು ಜೀವ ಹಾಕಿ ಇನ್ನೊಂದನ್ನು ಒದ್ದೆ ಮಾಡಿಟ್ಟವಳು ಎಂದು ಗೊತ್ತಾದರೆ ಅವನ್ನೆಲ್ಲ ಮತ್ತೆ ತೆಗೆಯುತ್ತಾರೆ. ನಿನ್ನ ಬೀರುಗಳಿಗೂ ಚೀಟಿ ಬೀಳುತ್ತದೆ. ನೀನೇ ಬರೆದೆಯಲ್ಲ, ಒಂದನ್ನು ಮುಚ್ಚಿಟ್ಟವರು ಇನ್ನೆಷ್ಟು ಎಂದು. ಆ ಮಾತು ನಿನಗೂ ಅನ್ವಯಿಸುತ್ತದೆ.

ಯಾಕೆ ಹೇಳಲಿಲ್ಲ ಎಂದರೆ, ತಪ್ಪಿನ ಪುಸ್ತಕದ ನಿಯಮ ನಿನಗೆ ಗೊತ್ತು. ತಪ್ಪು, ತಾರೀಕು, ಮಾಡಿದವರ ಹೆಸರು. ಕಲಿಯುವವರ ಹೆಸರು ಅದರಲ್ಲಿ ಬಂದರೆ ಆ ವರ್ಷ ಪ್ರಮಾಣಪತ್ರ ಇಲ್ಲ. ಅಣ್ಣ ತೀರಿಹೋಗಿ ಆಗ ಇನ್ನೂ ಒಂದು ವರ್ಷ ಆಗಿರಲಿಲ್ಲ, ನಿನಗೆ ಅದು ಬೇಕೇ ಬೇಕಿತ್ತು. ಪ್ರಮಾಣಪತ್ರ ಬರಲಿ, ಆಮೇಲೆ ಬರೆಯೋಣ ಎಂದುಕೊಂಡೆ. ಬಂತು. ಕೆಲಸ ಸಿಗಲಿ ಎಂದುಕೊಂಡೆ, ಸಿಕ್ಕಿತು. ಕೆಲಸ ಗಟ್ಟಿಯಾಗಲಿ ಎಂದುಕೊಂಡೆ. ಹೀಗೇ ಹದಿನೆಂಟು ವರ್ಷ. ನಿನ್ನ ಹೆಸರು ಬಿಟ್ಟು ಬರೆಯಬಹುದಿತ್ತು, ಆ ಪುಸ್ತಕದಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ. ದಾಖಲೆಯಲ್ಲಿ "ಕೆಟ್ಟಿದೆ" ಎಂದು ಬರೆಯಲು ಮಾತ್ರ ಬಂತು. ಮನುಷ್ಯನ ನಿಯತ್ತು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ನನಗೇ ಅರ್ಥವಾಗಿಲ್ಲ. ಆ ತಾರೀಕಿನ ಕೆಳಗೆ ತಪ್ಪಿನ ಪುಸ್ತಕದಲ್ಲಿ ಒಂದು ಸಾಲು ಖಾಲಿ ಬಿಟ್ಟೆ. ಯಾರೂ ಗಮನಿಸಿಲ್ಲ.

ಅಳಿಲಿನ ಬುರುಡೆಯೂ ಬಂಡೆ ಇಲಿಯ ದವಡೆಯೂ ನನ್ನ ಹತ್ತಿರವೇ ಇವೆ, ಚಿಕ್ಕಮ್ಮನ ಗುಂಡಿ ಡಬ್ಬಿಯಲ್ಲಿ. ಹಿಂಮೂಲೆ ಹೊರಕ್ಕೆ ಚಾಚಿದ ದವಡೆ, ನಿನ್ನ ಪಾಠದಲ್ಲಿ ಹೇಳಿದ ಹಾಗೆಯೇ. ಅಂಗಿಯ ಗುಂಡಿ ಹುಡುಕುವಾಗಲೆಲ್ಲ "ಈ ಇಲಿ ತಲೆ ಯಾವಾಗ ಬಿಸಾಕ್ತೀರ" ಎಂದು ಅವಳು ಕೇಳುತ್ತಾಳೆ. ಹದಿನೆಂಟು ವರ್ಷ ಮಾತು ಹಾರಿಸಿದ್ದೇನೆ.

ನನ್ನ ಹನ್ನೊಂದು ಬೀರು ಹೋದರೆ ಹೋಗಲಿ. ನಾನು ಕಟ್ಟಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತಿರುವುದು ನೀನು. ಅದಕ್ಕೆ ಚೀಟಿ ಅಂಟಿಸುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ದಯವಿಟ್ಟು ಸುಮ್ಮನಿರು.

ನಿನ್ನ,
ಚಿಕ್ಕಪ್ಪ


ಆಗಸ್ಟ್ ೨, ಎಲುಬುಕೋಣೆಯಿಂದ

ಚಿಕ್ಕಪ್ಪ,

ನಿನ್ನ ಮನೆಗೆ ನಾಲ್ಕು ಬೀದಿ ದೂರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಂದರೆ ನೀನು ತಡೆಯುತ್ತೀಯ ಎಂದು ನೇರ ಇಲ್ಲಿಗೇ ಬಂದೆ. ಮೊನ್ನೆ ಬೆಳಿಗ್ಗೆ ರೈಲಿಳಿದೆ. ನಿನ್ನ ಕಾಗದ ನಾನು ಹೊರಡುವ ದಿನ ಸಿಕ್ಕಿತು. ದಾರಿಯುದ್ದಕ್ಕೂ ಓದಿದೆ. ಸುಮ್ಮನಿರು ಎಂದು ನೀನು ಹೇಳಿದ ಮಾತನ್ನು ನಾನು ಯಾವತ್ತು ಕೇಳಿದ್ದೇನೆ?

ಸಮಿತಿಗೆ ನನ್ನ ಕಾಗದ ತಲುಪಿರಲೇ ಇಲ್ಲ. ಯಾವುದೋ ತಟ್ಟೆಯಲ್ಲಿ ಹಾಗೇ ಬಿದ್ದಿತ್ತು. ನಿನ್ನೆ ಸಮಿತಿ ಕೂತಿದ್ದ ಕೋಣೆಯ ಬಾಗಿಲ ಹೊರಗೆ ಎರಡು ಗಂಟೆ ನಿಂತು ಒಳಗೆ ಹೋದೆ. ಎಲ್ಲ ಹೇಳಿದೆ, ಪಾತ್ರೆ ಒದ್ದೆ ಮಾಡಿಟ್ಟದ್ದನ್ನೂ ಹೇಳಿದೆ. ಅಲ್ಲಿದ್ದ ಒಬ್ಬ ಹೆಂಗಸು ಕೇಳಿದರು, "ನಿಮ್ಮ ಗಂಟು ಅಂತ ಹೇಗೆ ಹೇಳ್ತೀರಿ?" ಅವರ ಮುಂದೆಯೇ ಪೆನ್ಸಿಲಿಗೆ ಗಂಟು ಹಾಕಿ ತೋರಿಸಿದೆ. ಆಮೇಲೆ ತಪ್ಪಿನ ಪುಸ್ತಕ ತರಿಸಿದರು. ನೀನು ಬಿಟ್ಟ ಸಾಲು ಇತ್ತು. ಮೂವತ್ತನಾಲ್ಕು ವರ್ಷದಲ್ಲಿ ನಿನ್ನ ಹೆಸರು ಅದರಲ್ಲಿ ನಲವತ್ತೊಂದು ಸಲ ಇದೆ, ಒಡೆದ ಹಲ್ಲು, ಕಳೆದ ಬೆರಳೆಲುಬು, ಎಲ್ಲ ನೀನೇ ಬರೆದದ್ದು. ಅವರು ಅದನ್ನೇ ತುಂಬ ಹೊತ್ತು ತಿರುವಿ ನೋಡಿದರು. ನಲವತ್ತೊಂದು ತಪ್ಪು ಒಪ್ಪಿಕೊಂಡವರ ಬೀರಿಗೆ ಚೀಟಿ ಅಂಟಿಸಿ ಎಂದು ಹೇಳುವ ಮೊದಲು ನಾನು ಆ ಪುಸ್ತಕ ತರಿಸಿ ನೋಡಬಹುದಿತ್ತು. ತೋಚಲೇ ಇಲ್ಲ.

ತೀರ್ಮಾನ ಹೀಗಿದೆ. ಏಳು ಬೀರು ಹೊಸ ಕಟ್ಟಡಕ್ಕೆ. ನಾನು ಕಲಿಯುತ್ತಿದ್ದ ಎರಡು ವರ್ಷದ ಕೆಲಸ ಇರುವ ನಾಲ್ಕು ಬೀರು, ಒಂದೊಂದೂ ಹಲ್ಲು ಕೂಡಿಸಿ ನೋಡುವವರೆಗೆ ಇಲ್ಲೇ. ಎಡಕ್ಕೆ ಬಿದ್ದ ಗಂಟುಗಳೆಲ್ಲ ಮೊದಲು. ನನ್ನ ಸಂಸ್ಥೆಗೂ ಬರೆದಿದ್ದಾರೆ. ನನ್ನ ಹಳೆಯ ಕೆಲಸ ಪರೀಕ್ಷೆಯಾಗುವವರೆಗೆ ಯಾರಿಗೂ ಅಭಿಪ್ರಾಯ ಕೊಡುವ ಹಾಗಿಲ್ಲ. ನೀನು ಹೆದರಿದ್ದೇ ಆಯಿತು. ನನಗೂ ಹೆದರಿಕೆಯಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನೆ ರಾತ್ರಿ ನಿದ್ದೆ ಬಂತು.

ಖಾಲಿ ಸಾಲು ಕಿರಿದಾಗಿತ್ತು. ತಪ್ಪು, ತಾರೀಕು, ನನ್ನ ಹೆಸರು ಬರೆದೆ. ಅದರ ಪಕ್ಕದ ಅಂಚಿನಲ್ಲಿ ಇನ್ನೊಂದು ತಪ್ಪು ಬರೆದೆ, ಈ ವರ್ಷದ ಜುಲೈ ಐದರದು, ಕೆಂಪು ಚೀಟಿಯ ಕಾಗದ ಹೋದ ದಿನದ್ದು. ಅದು ಏನೆಂದು ನಿನಗೆ ಗೊತ್ತು, ನೀನು ಅದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಚೀಟಿಗಳನ್ನು ಕೀಳುವ ಕೆಲಸ ನಾನೇ ಕೇಳಿ ತೆಗೆದುಕೊಂಡಿದ್ದೇನೆ. ಅಂಟು ಗಟ್ಟಿ ಎಂದು ನೀನು ಬರೆದಿದ್ದೆ, ನಿಜ ಮಾರಾಯ. ಬಿಸಿನೀರಿನ ಬಟ್ಟೆ ಇಟ್ಟು, ಉಗುರಿನಲ್ಲಿ ಕೆರೆದು, ಬೆಳಗಿನಿಂದ ಒಂದು ಬೀರು ಮುಗಿದಿದೆ. ಬೆರಳ ತುದಿ ಎಲ್ಲ ಕೆಂಪು. ೨೭೧೪ ಮೇಜಿನ ಮೇಲಿದೆ, ದವಡೆ ಇಲ್ಲದೆ. ಗುಂಡಿ ಡಬ್ಬಿ ತೆಗೆದುಕೊಂಡು ಬಾ. ಚಿಕ್ಕಮ್ಮನಿಗೆ ಪೂರ್ತಿ ವಿಷಯ ಹೇಳಿಯೇ ಬಾ. ಗಂಟು ನೀನು ಹಾಕು, ಈ ಸಲ ಸರಿಯಾಗಿರಲಿ.

ನಿನ್ನ,
ಎಡಚಿ


ಆಗಸ್ಟ್ ೨, ಸಂಜೆ

ಎಡಚಿ,

ನಿನ್ನ ಕಾಗದ ತಂದವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಚಿಕ್ಕಮ್ಮನಿಗೆ ಹೇಳಿದೆ. ಮೊದಲು ನನ್ನನ್ನು ಬೈದಳು, ಆಮೇಲೆ ನಿನ್ನನ್ನು, ಈಗ ಗುಂಡಿಗಳನ್ನು ಬೇರೆ ಡಬ್ಬಿಗೆ ಸುರಿಯುತ್ತಿದ್ದಾಳೆ. ಅವಳೂ ಬರುತ್ತಾಳಂತೆ, ಚೀಟಿ ಕೀಳಲು.

ಬಿಸಿನೀರಿಗೆ ಸ್ವಲ್ಪ ಸೋಪು ಹಾಕು, ಬೇಗ ಏಳುತ್ತದೆ. ಉಗುರು ಹಾಳು ಮಾಡಿಕೊಳ್ಳಬೇಡ.

ಹಲ್ಲು ನಾನು ಕೂಡಿಸಿ ನೋಡುತ್ತೇನೆ. ಗಂಟು ನೀನೇ ಹಾಕು. ಎಡಗೈಯಲ್ಲೇ ಹಾಕು, ಯಾರು ಕಟ್ಟಿದ್ದು ಎಂದು ಗೊತ್ತಾಗಲಿ.

ಚಿಕ್ಕಪ್ಪ